ಬೆನ್ನು ಬಿಡದ ಹಗೆ

ನೀರಿಗೆ ಬಿದ್ದ ನಾಯಿಯನ್ನು ಬಡಿಯುವುದೆಂಬ ನುಡಿಗಟ್ಟು ಚೀನಾದ ಕ್ಯಾಂಟನ್ ಸೀಮೆಯವರ ಬಾಯಲ್ಲುಂಟು. ಸೋತವನು ಮುಳುಗುವ ತನಕ ಬಿಡಬಾರದೆಂಬುದೇ ಅದರ ತಾತ್ಪರ್ಯ. ನಮ್ಮವರು ಇದನ್ನೇ ಕೈ ತೊಳೆದುಕೊಂಡು ಬೆನ್ನು ಹತ್ತುವುದೆನ್ನುತ್ತಾರೆ. ಅಂಥ ನಾಯಿ ದಡ ಸೇರಿದರೆ ಮತ್ತೆ ಕಚ್ಚೀತೆಂದು ಚೀನೀ ಲೇಖಕ ಲೂ ಶುನ್‌ರು 1925ರಲ್ಲಿ ಬರೆದ ಪ್ರಬಂಧದಲ್ಲಿ ಬಡಿಯುವುದನ್ನೇ ಸಮರ್ಥಿಸಿದರು. ಸೇನಾಧಿಪತಿಗಳ ಕೈಗೆ ಸಿಕ್ಕಿದ್ದ ಆ ದೇಶದಲ್ಲಿ ಕೇಡಿಗರಿಗೆ ಕಾನೂನಿನ ಅಂಕೆಯಿರಲಿಲ್ಲ. ಮತಪೆಟ್ಟಿಗೆಯೂ ನ್ಯಾಯಸ್ಥಾನವೂ ಇರುವ ನಮಗೆ ಆ ವಾದವು ಸಲ್ಲದು.

ನಿದರ್ಶನಕ್ಕಾಗಿ ಹೊಂಗನೂರಿನ ವಾಚಕರು ದೂರ ಹೋಗಬೇಕಾಗಿಲ್ಲ. ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಜನಿಸಿದ ಶ್ರೀಮಾನ್ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಹಳೆಯ ಮೈಸೂರಿನ ಅನೇಕ ಮುಖಂಡರಿಗೆ ಸಮ್ಮತವಿಲ್ಲದಿದ್ದಾಗ್ಯೂ ಕನ್ನಡನಾಡಿನ ಏಕೀಕರಣವನ್ನು ಬೆಂಬಲಿಸಿದರು. ಏಕೀಕರಣಕ್ಕೆ ಎರಡೂವರೆ ತಿಂಗಳು ಉಳಿದಿರಲು, 1956ರ ಆಗಸ್ಟಿನಲ್ಲಿ, ಸ್ವಪಕ್ಷೀಯರ ವಿರೋಧದಿಂದಲೇ ಅಧಿಕಾರ ತ್ಯಜಿಸಬೇಕಾಯಿತು.

ಅವರು ಕಟ್ಟಿಸಿದ ವಿಧಾನಸೌಧದ ವೆಚ್ಚವು ಮೊದಲಿನ ಅಂದಾಜನ್ನು ಮೀರಿ ಸುಮಾರು 1.84 ಕೋಟಿ ರೂಪಾಯಿಗೆ ಏರಿತೆಂಬುದು ದಿಟ. ಅದರ ಲೆಕ್ಕ ಕೇಳುವುದು ಪ್ರಜೆಗಳ ಹಕ್ಕು. ಕೇಳಿದವರನ್ನು ನಾವು ದೂಷಿಸಲಾರೆವು. ಆದರೆ ಲೆಕ್ಕ ಕೇಳುವುದು ಬೇರೆ, ಆಸಾಮಿಯೇ ಇರಕೂಡದೆನ್ನುವುದು ಬೇರೆ. ಲೆಕ್ಕ ಸಿಕ್ಕೊಡನೆ ಮೊದಲನೆಯದು ಮುಗಿಯುತ್ತದೆ, ಎರಡನೆಯದಕ್ಕೆ ಕೊನೆಯೆಂಬುದಿಲ್ಲ.

ಇಂಥ ಆಯುಧವು ಪ್ರಯೋಗಿಸಿದವರ ವಶದಲ್ಲಿಯೇ ಉಳಿಯುವುದೂ ಇಲ್ಲ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದ ಶ್ರೀ ನಿಜಲಿಂಗಪ್ಪನವರೂ 1958ರಲ್ಲಿ ಸ್ವಪಕ್ಷದ ಭಿನ್ನಮತದಿಂದಲೇ ಸ್ಥಾನ ಬಿಟ್ಟರು. ಇತ್ತ ಹನುಮಂತಯ್ಯನವರು 1962ರಲ್ಲಿ ಲೋಕಸಭೆಯನ್ನು ಸೇರಿ, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, 1971ರಲ್ಲಿ ರೈಲ್ವೆ ಮಂತ್ರಿಗಳೂ ಆದರು. ಹಗೆಯು ಅವರನ್ನು ಅಳಿಸಲಿಲ್ಲ. ನಾಡಿನ ರಾಜಕೀಯಕ್ಕೆ ಗುಂಪುಗಾರಿಕೆಯ ಚಾಳಿಯನ್ನು ಮಾತ್ರ ಕಲಿಸಿತು.

ಆ ಚಾಳಿ ಈಗ ಹಳ್ಳಿಗೂ ಇಳಿದಿದೆ. 1993ರ ಪಂಚಾಯತ್ ರಾಜ್ ಕಾನೂನು ಕೊಟ್ಟಿರುವ ಅವಿಶ್ವಾಸ ನಿರ್ಣಯವು ದುರಾಡಳಿತಕ್ಕೆ ಮದ್ದು. ಅದನ್ನು ಹಗೆಯ ಕತ್ತಿ ಮಾಡಿಕೊಂಡರೆ ಅಧ್ಯಕ್ಷರು ಬದಲಾಗುವರು, ಕೆರೆಯ ಹೂಳು ಹಾಗೆಯೇ ಉಳಿಯುವುದು. ಅಧಿಕಾರಿ ಮಹಾಶಯರಲ್ಲಿ ನಮ್ಮ ಅರಿಕೆಯಿಷ್ಟೆ: ಮೂಗರ್ಜಿ ಬಂದಾಗ ಕಡತವನ್ನು ಪರೀಕ್ಷಿಸಿರಿ, ತಪ್ಪಿದ್ದರೆ ಶಿಕ್ಷಿಸಿರಿ, ಇಲ್ಲದಿದ್ದರೆ ಮುಚ್ಚಿರಿ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚೆಂಬ ಗಾದೆಯು ಲೋಕದ ರೂಢಿಯನ್ನು ಹೇಳುತ್ತದೆ; ಅದು ರಾಜ್ಯದ ನೀತಿಯಾಗಕೂಡದು.