ದುಬಾರಿ ಮಳಿಗೆಯ ಸಾಲದ ಕಾರ್ಡು ನಮಗೆ ಬೇಕೇ?

ಮದುವೆಯ ಹಂಗಾಮು ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ನಮ್ಮ ಕುಟುಂಬಗಳು ಮೈಸೂರಿನ ಬಸ್ಸು ಹತ್ತುವುದು ಹೊಸದೇನಲ್ಲ. ಒಂದು ಕಾಲದಲ್ಲಿ ಈ ಪ್ರಯಾಣ ಸಯ್ಯಾಜಿರಾವ್ ರಸ್ತೆಯ ಜವಳಿ ಅಂಗಡಿಗಳಲ್ಲಿ ಮುಗಿಯುತ್ತಿತ್ತು. ಇಂದು ಅದು ಮಾಲ್‌ಗಳ ಹವಾನಿಯಂತ್ರಿತ ಮಳಿಗೆಗಳವರೆಗೂ ಮುಂದುವರಿದಿದೆ. ಅಲ್ಲಿ ಬಟ್ಟೆ, ಸುಗಂಧ, ಕೈಗಡಿಯಾರ, ಪಾದರಕ್ಷೆಗಳ ಬಿಲ್ಲು ತಯಾರಾಗುವ ವೇಳೆಗೆ ಇನ್ನೊಂದು ಸರಕನ್ನೂ ಮುಂದೊಡ್ಡಲಾಗುತ್ತದೆ. ಅದು ಮಳಿಗೆಯ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ಒಟ್ಟಿಗೆ ಹೊತ್ತ ಕ್ರೆಡಿಟ್ ಕಾರ್ಡು. ಇಂದೇ ಅರ್ಜಿ ತುಂಬಿದರೆ ಉಡುಗೊರೆಯ ಚೀಟಿ, ಪ್ರತಿ ಖರೀದಿಗೆ ಅಂಕಗಳು, ಸದಸ್ಯರಿಗೆ ವಿಶೇಷ ರಿಯಾಯಿತಿ ಎಂಬ ಆಶ್ವಾಸನೆಗಳು ಬೇರೆ. ಈ ಕಾರ್ಡು ಲಾಭದಾಯಕವೇ ಎಂದು ನಮ್ಮ ಯುವಕರು ಪರಸ್ಪರ ಚರ್ಚಿಸುತ್ತಾರೆ. ಅದನ್ನು ಮನೆಯ ಹಿರಿಯರೂ ಮಸೀದಿಯ ಜಮಾಅತೂ ಕುಳಿತು ಚರ್ಚಿಸಬೇಕಾದ ಕಾಲ ಬಂದಿದೆ.

ಮೊದಲು ಈ ವ್ಯವಹಾರದ ಸ್ವರೂಪವನ್ನು ಅರಿಯೋಣ. ಕಾರ್ಡಿನ ಮೇಲೆ ಮಳಿಗೆಯ ಹೆಸರಿದ್ದರೂ ಸಾಲ ಕೊಡುವುದು ಬ್ಯಾಂಕು ಅಥವಾ ಕಾರ್ಡು ಕಂಪೆನಿ. ಮಳಿಗೆಗೆ ಬೇಕಾದುದು ಗ್ರಾಹಕ ಮತ್ತೆ ಮತ್ತೆ ಬರಬೇಕು ಮತ್ತು ಬಂದಾಗಲೆಲ್ಲ ಹೆಚ್ಚು ಕೊಳ್ಳಬೇಕು ಎಂಬುದು. ಸಾಲ ಕೊಟ್ಟವನಿಗೆ ಬೇಕಾದುದು ಶುಲ್ಕ ಮತ್ತು ಬಡ್ಡಿ. ಉದಾಹರಣೆಗೆ, 2023ರ ಅಕ್ಟೋಬರಿನಲ್ಲಿ ರಿಲಯನ್ಸ್ ರೀಟೇಲ್ ಮತ್ತು ಎಸ್‌ಬಿಐ ಕಾರ್ಡ್ ಸಂಸ್ಥೆಗಳು ಜೊತೆಗೂಡಿ ಎರಡು ಬಗೆಯ ಕಾರ್ಡುಗಳನ್ನು ಹೊರತಂದವು. ಆಗ ಘೋಷಿಸಿದಂತೆ ಸಾಮಾನ್ಯ ಕಾರ್ಡಿಗೆ ವಾರ್ಷಿಕ ಶುಲ್ಕ 499 ರೂಪಾಯಿ, ಮೇಲ್ದರ್ಜೆಯ ಕಾರ್ಡಿಗೆ 2,999 ರೂಪಾಯಿ, ತೆರಿಗೆ ಪ್ರತ್ಯೇಕ. ವರ್ಷದಲ್ಲಿ ಮೊದಲನೆಯದರಲ್ಲಿ 1 ಲಕ್ಷ, ಎರಡನೆಯದರಲ್ಲಿ 3 ಲಕ್ಷ ರೂಪಾಯಿ ಖರ್ಚು ಮಾಡಿದರೆ ನವೀಕರಣ ಶುಲ್ಕ ಮನ್ನಾ. ಇಂತಹ ದರಗಳು ಬದಲಾಗುತ್ತಿರುತ್ತವೆ, ಆದರೆ ತರ್ಕ ಬದಲಾಗುವುದಿಲ್ಲ. ಮೂರು ಸಾವಿರ ಉಳಿಸಲು ಮೂರು ಲಕ್ಷ ಖರ್ಚು ಮಾಡು ಎಂಬುದೇ ಆ ತರ್ಕ. ತಿಂಗಳಿಗೆ ಸರಾಸರಿ 25,000 ರೂಪಾಯಿಯನ್ನು ಕಾರ್ಡಿನ ಮೂಲಕವೇ ಖರ್ಚು ಮಾಡುವ ಕುಟುಂಬಗಳು ನಮ್ಮ ಈ ನಾಲ್ಕು ಪಟ್ಟಣಗಳಲ್ಲಿ ಎಷ್ಟಿವೆ?

ಇನ್ನು ಬಡ್ಡಿಯ ಲೆಕ್ಕ. ನಮ್ಮ ದೇಶದ ಕ್ರೆಡಿಟ್ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3ರಿಂದ 3.75ರವರೆಗಿನ ಬಡ್ಡಿ ಸಾಮಾನ್ಯ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ ಬೇರೆ. ಒಂದು ಕುಟುಂಬವು ಮಗನ ಮದುವೆಗೆಂದು 60,000 ರೂಪಾಯಿಯ ಉಡುಪು ಕೊಂಡಿತೆಂದು ಭಾವಿಸೋಣ. ಬಿಲ್ಲಿನ ಗಡುವಿನೊಳಗೆ ಪೂರ್ಣ ಹಣ ಕಟ್ಟಲಾಗಲಿಲ್ಲ. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 2,100 ರೂಪಾಯಿ, ಅದರ ಮೇಲಿನ ತೆರಿಗೆ 378 ರೂಪಾಯಿ, ಒಟ್ಟು 2,478 ರೂಪಾಯಿ. ಆ ತಿಂಗಳು 3,000 ರೂಪಾಯಿ ಕಟ್ಟಿದರೆ ಅಸಲಿನಲ್ಲಿ ಕರಗುವುದು ಕೇವಲ 522 ರೂಪಾಯಿ. ಮಳಿಗೆಯು ಖರೀದಿಯ ಶೇಕಡಾ 2ರಷ್ಟನ್ನು ಅಂಕಗಳ ರೂಪದಲ್ಲಿ ಮರಳಿಸಿತೆಂದೇ ಇಟ್ಟುಕೊಂಡರೂ ಅದು 1,200 ರೂಪಾಯಿ, ಅದೂ ಒಂದೇ ಬಾರಿ. ಬಡ್ಡಿಯಾದರೋ ತಿಂಗಳು ತಿಂಗಳೂ ಬರುತ್ತದೆ. ಮೊದಲ ತಿಂಗಳಿನ ಅರ್ಧದಲ್ಲಿಯೇ ಇಡೀ ಉಡುಗೊರೆ ಕರಗಿಹೋಗುತ್ತದೆ. ಬಾಕಿ ಉಳಿಸಿಕೊಂಡವನಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳ ಸೌಲಭ್ಯ ಸಿಗುವುದಿಲ್ಲ ಎಂಬುದನ್ನು ಅಂಗಡಿಯ ಕೌಂಟರಿನಲ್ಲಿ ಯಾರೂ ವಿವರಿಸುವುದಿಲ್ಲ.

ಕಾನೂನು ನಮ್ಮನ್ನು ರಕ್ಷಿಸೀತು ಎಂದು ಭಾವಿಸುವಂತಿಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ತಿಂಗಳು, ವರ್ಷಗಳವರೆಗೆ ಎಳೆದು ಚಕ್ರಬಡ್ಡಿ ಬೀಳುತ್ತದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದರೆ ಅಂತಹ ಎಚ್ಚರಿಕೆಯನ್ನು ಬಿಲ್ಲು ಬಂದ ಮೇಲೆ ಓದುವುದರಿಂದ ಪ್ರಯೋಜನವೇನು? ಶ್ರೀಮಂತ ದೇಶದ ಸ್ಥಿತಿಯೂ ಭಿನ್ನವಲ್ಲ. ಅಮೆರಿಕದಲ್ಲಿ ಹೊಸದಾಗಿ ನೀಡಲಾಗುವ ಅಂಗಡಿ ಕಾರ್ಡುಗಳ ಸರಾಸರಿ ಬಡ್ಡಿ ವರ್ಷಕ್ಕೆ ಶೇಕಡಾ 32ನ್ನು ದಾಟಿದೆ ಎಂದು ಅಲ್ಲಿನ ಸರಕಾರಿ ಗ್ರಾಹಕ ಸಂರಕ್ಷಣಾ ಸಂಸ್ಥೆಯೇ 2024ರಲ್ಲಿ ವರದಿ ಮಾಡಿತು.

ನಮ್ಮ ನಾಲ್ಕು ತಾಲೂಕುಗಳಿಗೆ ಸಂಬಂಧಿಸಿದ ಇನ್ನೊಂದು ಮುಖ್ಯ ವಿಷಯವಿದೆ. ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಆದರೆ ಇಲ್ಲಿನ ಆದಾಯ ತಿಂಗಳಿಗೊಮ್ಮೆ ಬರುವಂಥದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಹಣ ಓಡಾಡುವುದು ಹೊಗೆಸೊಪ್ಪು ಹರಾಜು ಮಾರುಕಟ್ಟೆಗೆ ಬಂದಾಗ. ಕೆ.ಆರ್. ನಗರದಲ್ಲಿ ಅದು ಭತ್ತದ ಕೊಯ್ಲಾದ ಮೇಲೆ. ರೈತನ ಕೈಗೆ ಹಣ ಬಂದರೆ ಮಾತ್ರ ನಮ್ಮ ಗ್ಯಾರೇಜು, ಗುಜರಿ ಅಂಗಡಿ, ಹಣ್ಣಿನ ಗಾಡಿ, ಪಾತ್ರೆ ವ್ಯಾಪಾರ, ದರ್ಜಿಯ ಹೊಲಿಗೆ ಯಂತ್ರ ಎಲ್ಲವೂ ನಡೆಯುತ್ತವೆ. ಮಳೆ ಕೈಕೊಟ್ಟರೆ ಅಥವಾ ಹರಾಜಿನಲ್ಲಿ ಬೆಲೆ ಕುಸಿದರೆ ಪೇಟೆಯ ಅಂಗಡಿಗಳಿಗೂ ಆರು ತಿಂಗಳ ಬರಗಾಲ. ತಿಂಗಳ ಸಂಬಳದ ಲೆಕ್ಕಾಚಾರಕ್ಕೆಂದು ರೂಪಿಸಿದ ಸಾಲವನ್ನು ಬೆಳೆಯ ಲೆಕ್ಕಾಚಾರದಲ್ಲಿ ಬದುಕುವ ಮನೆಗೆ ತಂದರೆ ಒಂದಲ್ಲ ಒಂದು ತಿಂಗಳು ಗಡುವು ತಪ್ಪಿಯೇ ತಪ್ಪುತ್ತದೆ. ತಪ್ಪಿದರೆ ಖರೀದಿಯ ದಿನದಿಂದಲೇ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಮುಂದೆ ಅದನ್ನು ತೀರಿಸಲು ಮನೆಯ ಹೆಣ್ಣುಮಗಳ ಮಹ್ರ್‌ನ ಚಿನ್ನವೇ ಗಿರವಿ ಅಂಗಡಿಗೆ ಹೋಗುತ್ತದೆ. ಆಕೆಯ ಹಕ್ಕಿನ ಸೊತ್ತನ್ನು ಒತ್ತೆಯಿಡಬೇಕಾಗಿ ಬರುವುದು ಯಾವ ಬಗೆಯ ಗೌರವ?

ಈಗ ಶರೀಅತ್‌ನ ದೃಷ್ಟಿಗೆ ಬರೋಣ. ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿ ಬಡ್ಡಿಯನ್ನು ನಿಷೇಧಿಸಿದ ಆದೇಶ ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲಿದೆ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂಬ ಉಪದೇಶವೂ ಅಲ್ಲಿಯೇ ಇದೆ. ಕಾರ್ಡಿನ ವ್ಯವಸ್ಥೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಸಂಕಷ್ಟಕ್ಕೆ ಸಿಲುಕಿದವನ ಮೇಲೆಯೇ ದಂಡ ಬೀಳುತ್ತದೆ. ಗಡುವಿನೊಳಗೆ ಹಣ ಕಟ್ಟಿದರೆ ಬಡ್ಡಿಯೇ ಇಲ್ಲವಲ್ಲ ಎಂಬ ವಾದವನ್ನು ವಿದ್ವಾಂಸರು ಕಡೆಗಣಿಸಿಲ್ಲ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು 2000ದ ಸೆಪ್ಟೆಂಬರಿನಲ್ಲಿ ರಿಯಾದ್‌ನಲ್ಲಿ ಸೇರಿದ 12ನೇ ಅಧಿವೇಶನದಲ್ಲಿ ಇದನ್ನು ಪರಿಶೀಲಿಸಿತು. ಒಪ್ಪಂದದಲ್ಲಿ ಬಡ್ಡಿಯ ಷರತ್ತಿದ್ದರೆ, ಗಡುವಿನೊಳಗೆ ಕಟ್ಟುವ ಸಂಕಲ್ಪವಿದ್ದರೂ ಅಂತಹ ಕಾರ್ಡು ಸಮ್ಮತವಲ್ಲ ಎಂಬುದು ಅದರ ತೀರ್ಮಾನ. ನಮ್ಮ ಮೈಸೂರಿನಲ್ಲಿಯೇ 2006ರ ಮಾರ್ಚ್‌ನಲ್ಲಿ ನಡೆದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ (ಇಂಡಿಯಾ)ದ 15ನೇ ವಿಚಾರಗೋಷ್ಠಿಯಲ್ಲಿ ಬ್ಯಾಂಕು ಕಾರ್ಡುಗಳ ವಿಷಯ ಚರ್ಚೆಗೆ ಬಂತು. ಎಟಿಎಂ ಮತ್ತು ಡೆಬಿಟ್ ಕಾರ್ಡುಗಳಿಗೆ ಅನುಮತಿ ಇದೆ, ಪ್ರಚಲಿತ ಕ್ರೆಡಿಟ್ ಕಾರ್ಡಿಗೆ ಇಲ್ಲ ಎಂಬ ನಿಲುವಿಗೆ ಅಲ್ಲಿ ಸೇರಿದ್ದ ವಿದ್ವಾಂಸರು ಬಂದರು.

ಅನಿವಾರ್ಯತೆಯಿದ್ದು, ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟುವ ಖಚಿತ ಏರ್ಪಾಡಿದ್ದರೆ ಬಳಸಬಹುದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಆ ಅಭಿಪ್ರಾಯವನ್ನು ನಾವು ಗೌರವಿಸುತ್ತೇವೆ. ವಿಮಾನದ ಟಿಕೆಟು, ವಿದೇಶದ ಪರೀಕ್ಷಾ ಶುಲ್ಕ, ಆಸ್ಪತ್ರೆಯ ತುರ್ತು ಮೊದಲಾದ ಸಂದರ್ಭಗಳಲ್ಲಿ ಆ ರಿಯಾಯಿತಿಯನ್ನು ಆಶ್ರಯಿಸಿದ ಸಂಬಳದಾರರನ್ನು ದೂಷಿಸಲು ನಾವು ಸಿದ್ಧರಿಲ್ಲ. ಆದರೆ ಇಲ್ಲಿರುವ ಪ್ರಶ್ನೆ ಬೇರೆ. ಮಳಿಗೆಯ ಕಾರ್ಡಿನಲ್ಲಿ ಅನಿವಾರ್ಯತೆ ಎಲ್ಲಿದೆ? ದುಬಾರಿ ಸುಗಂಧ ಮತ್ತು ಕೈಗಡಿಯಾರ ಯಾವ ತುರ್ತು? ಕೈಯಲ್ಲಿ ಹಣವಿದ್ದವನಿಗೆ ಡೆಬಿಟ್ ಕಾರ್ಡಿದೆ, 2016ರಿಂದ ಯುಪಿಐ ಇದೆ. ಹಣವಿಲ್ಲದವನಿಗೆ ಆ ಸಾಮಾನಿನ ಅಗತ್ಯವೇ ಇಲ್ಲ. ಯುಪಿಐ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶ ನೀಡಲಾಗಿದೆ. ಚಹಾದಂಗಡಿಯಲ್ಲಿ ಮೊಬೈಲು ತೋರಿಸಿ ಕೊಟ್ಟ ಹತ್ತು ರೂಪಾಯಿಯೂ ಈಗ ಸಾಲವಾಗಿರಬಹುದು.

ಇದಕ್ಕೆ ಒಂದು ರಾಜಕೀಯ ಮುಖವೂ ಇದೆ. ಬ್ಯಾಂಕುಗಳ ಆದ್ಯತಾ ವಲಯದ ಸಾಲದ ಮೊತ್ತದಲ್ಲಿ ಮುಸ್ಲಿಮರ ಪಾಲು ಶೇಕಡಾ 5ಕ್ಕಿಂತಲೂ ಕಡಿಮೆ ಎಂಬ ಕಟುಸತ್ಯವನ್ನು 2006ರಲ್ಲಿ ಸಾಚಾರ್ ಸಮಿತಿ ದೇಶದ ಮುಂದಿಟ್ಟಿತು. ಮುಸ್ಲಿಮರು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿದ್ದ ಸಂಗತಿಯೂ ಆ ವರದಿಯಿಂದ ಬೆಳಕಿಗೆ ಬಂತು. ದುಡಿಮೆಗೆ ಬಂಡವಾಳ ಕೇಳಿದಾಗ ಜಾಮೀನು, ದಾಖಲೆ, ವಿಳಾಸಗಳ ನೆಪ ಹೇಳುವ ಹಣಕಾಸು ವ್ಯವಸ್ಥೆಯು ಶೋಕಿಗೆ ಸಾಲ ಕೊಡಲು ತಾನಾಗಿಯೇ ಫೋನು ಮಾಡುತ್ತದೆ. ಗಳಿಕೆಯನ್ನು ಹೆಚ್ಚಿಸುವ ಸಾಲ ದುರ್ಲಭ, ಗಳಿಕೆಯನ್ನು ನುಂಗುವ ಸಾಲ ಸುಲಭ. ಇದನ್ನು ನಾವು ಪ್ರಗತಿಯೆಂದು ಸ್ವಾಗತಿಸಬೇಕೇ?

ಹುಣಸೂರಿನ ಜನರಿಗೆ ಈ ಸಂದರ್ಭದಲ್ಲಿ ತಮ್ಮದೇ ನೆಲದ ಒಬ್ಬ ನಾಯಕ ನೆನಪಾಗಬೇಕು. ಹುಣಸೂರು ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1976ರಲ್ಲಿ ಋಣ ಪರಿಹಾರ ಕಾಯಿದೆ ಜಾರಿಗೆ ಬಂತು. ಸಣ್ಣ ರೈತರು, ಭೂರಹಿತ ಕೂಲಿಕಾರರು ಮತ್ತು ದುರ್ಬಲ ವರ್ಗದವರನ್ನು ಲೇವಾದೇವಿಗಾರರ ಹಿಡಿತದಿಂದ ಬಿಡಿಸುವುದು ಅದರ ಉದ್ದೇಶವಾಗಿತ್ತು. ಆ ಸಾಲ ಹಸಿವಿನ ಸಾಲ, ಬಿತ್ತನೆಯ ಸಾಲ, ಕಾಯಿಲೆಯ ಸಾಲ. ಇಂದು ಅದೇ ಅರಸರ ಹೆಸರು ಹೊತ್ತ ಮೈಸೂರಿನ ರಸ್ತೆ ಶೋಕಿಯ ಖರೀದಿಗೆ ಹೆಸರಾಗಿದೆ. ಹುಣಸೂರಿನ ಮಕ್ಕಳು ಅಲ್ಲಿಗೆ ಹೋಗಿ ತಾವಾಗಿಯೇ ಸಾಲಕ್ಕೆ ಸಹಿ ಹಾಕುವುದಾದರೆ ಅವರನ್ನು ಬಿಡಿಸಲು ಯಾವ ಕಾಯಿದೆ ಬಂದೀತು?

ಆದರೆ ಬ್ಯಾಂಕನ್ನೂ ಮಳಿಗೆಯನ್ನೂ ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಮ್ಮ ಪಟ್ಟಣಗಳಲ್ಲಿ ಬಡ್ಡಿಯಿಲ್ಲದ ಸಾಲ ಹಿಂದಿನಿಂದಲೂ ಇದೆ. ಅದರ ಹೆಸರು ಉದ್ರಿ. ಪರಿಚಯದ ಜವಳಿ ವ್ಯಾಪಾರಿ, ದಿನಸಿ ಅಂಗಡಿಯವರು, ಅವರು ಯಾವ ಧರ್ಮದವರೇ ಇರಲಿ, ಮುಖ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾರೆ. ಅವರಿಗೆ ನಾವು ಮಾಡುವುದೇನು? ಹಬ್ಬಕ್ಕೆ ಕೊಡುತ್ತೇವೆಂದವರು ಮುಂದಿನ ಹಬ್ಬದವರೆಗೂ ಕೊಡುವುದಿಲ್ಲ. ಕೊನೆಗೆ ಆ ಅಂಗಡಿಯ ಮುಂದೆ ನಡೆಯುವುದನ್ನೇ ಬಿಟ್ಟು ಬೇರೆ ಬೀದಿ ಹಿಡಿಯುತ್ತೇವೆ. ಬ್ಯಾಂಕಿನ ದಂಡಕ್ಕೆ ಹೆದರಿ ಗಡುವು ಪಾಲಿಸುವವರು ನೆರೆಯವನ ಸೌಜನ್ಯಕ್ಕೆ ಗಡುವೇ ಇಲ್ಲವೆಂದು ತಿಳಿದಿದ್ದೇವೆ. ಸಾಲವನ್ನು ಬರೆದಿಡಬೇಕೆಂದು ಕುರ್‌ಆನ್ ತನ್ನ ಅತ್ಯಂತ ದೀರ್ಘ ಸೂಕ್ತದಲ್ಲಿ ವಿವರವಾಗಿ ಕಲಿಸಿದೆ. ಸಾಲ ಉಳಿಸಿ ತೀರಿಕೊಂಡವರ ಜನಾಝ ನಮಾಝಿಗೆ ಸ್ವತಃ ನಿಲ್ಲಲು ಪ್ರವಾದಿವರ್ಯರು(ಸ) ಹಿಂಜರಿದ, ಅನುಚರರೊಬ್ಬರು ಆ ಸಾಲದ ಹೊಣೆ ಹೊತ್ತ ಬಳಿಕವಷ್ಟೇ ನಮಾಝ್ ನಿರ್ವಹಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಉದ್ರಿಯ ನಂಬಿಕೆಯನ್ನು ನಾವೇ ಕೆಡಿಸಿದ ಜಾಗಕ್ಕೆ ಇಂದು ಕಾರ್ಡು ಬಂದು ಕುಳಿತಿದೆ.

ಈ ಖರೀದಿಯ ಮೂಲವಿರುವುದು ನಮ್ಮ ಮದುವೆಗಳಲ್ಲಿ. ನಿಕಾಹ್ ಎಷ್ಟು ಸರಳವೋ ಅಷ್ಟು ಬರಕತ್ ಎಂದು ಮಿಂಬರಿನಿಂದ ಕೇಳಿ ತಲೆದೂಗುವ ನಾವೇ, ವರನ ಕಡೆಯವರು ತಂದ ಉಡುಪಿನ ಚೀಲದ ಮೇಲೆ ಯಾವ ಮಳಿಗೆಯ ಹೆಸರಿದೆ ಎಂದು ನೋಡುತ್ತೇವೆ. ಆ ನೋಟ ಬದಲಾಗದೆ ಕಾರ್ಡನ್ನು ಕತ್ತರಿಸಿದರೂ ಪ್ರಯೋಜನವಿಲ್ಲ.

ಮಾಡಬೇಕಾದುದೇನು? ಪ್ರತಿ ಮೊಹಲ್ಲಾದ ಮಸೀದಿ ಸಮಿತಿಯು ಸಣ್ಣ ಮೊತ್ತದ ಬಡ್ಡಿರಹಿತ ಸಾಲದ ನಿಧಿಯೊಂದನ್ನು ಆರಂಭಿಸಲಿ. ಅದು ನೋಂದಾಯಿತ ಸಹಕಾರ ಸಂಘದ ಸ್ವರೂಪದಲ್ಲಿರಲಿ, ಲೆಕ್ಕಪತ್ರ ವರ್ಷವರ್ಷವೂ ಜಮಾಅತಿನ ಮುಂದೆ ಬರಲಿ. ಹಲಾಲ್ ಎಂಬ ಹೆಸರೊಂದೇ ಸಾಲದು ಎಂಬ ಪಾಠವನ್ನು 2019ರ ಜೂನ್‌ನಲ್ಲಿ ಕುಸಿದ ಬೆಂಗಳೂರಿನ ಐಎಂಎ ಸಂಸ್ಥೆ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯವನ್ನು ನುಂಗಿ ಕಲಿಸಿದೆ. ಈಗಾಗಲೇ ಕಾರ್ಡು ಪಡೆದವರು ಹೊಸ ಖರೀದಿಯನ್ನು ಇಂದೇ ನಿಲ್ಲಿಸಲಿ. ಕನಿಷ್ಠ ಮೊತ್ತಕ್ಕೆ ತೃಪ್ತರಾಗದೆ ಸಾಧ್ಯವಾದಷ್ಟು ಹೆಚ್ಚು ಕಟ್ಟಲಿ. ಬಾಕಿ ತೀರಿದ ಕೂಡಲೇ ಕಾರ್ಡು ಮುಚ್ಚಲು ಅರ್ಜಿ ಕೊಡಲಿ. ಬಾಕಿಯಿಲ್ಲದ ಕಾರ್ಡನ್ನು ಅರ್ಜಿ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ನಿಯಮ ಮಾಡಿದೆ. ತೀರಿಸಲಾಗದ ಸಾಲದಲ್ಲಿ ನಿಜವಾಗಿ ಮುಳುಗಿದವರನ್ನು ಝಕಾತ್‌ನ ಎಂಟು ಹಕ್ಕುದಾರ ವರ್ಗಗಳಲ್ಲಿ ಕುರ್‌ಆನ್ ಸೇರಿಸಿದೆ. ಅಂಥವರನ್ನು ಅವಮಾನಿಸದೆ ಕೈಹಿಡಿಯುವುದು ಜಮಾಅತಿನ ಹೊಣೆ. ಆದರೆ ವಿಧವೆಗೂ ಅನಾಥನಿಗೂ ಸಲ್ಲಬೇಕಾದ ಆ ಹಣ ಶೋಕಿಯ ಬಿಲ್ಲಿಗೆ ಹೋಗುವ ಸ್ಥಿತಿಯನ್ನು ನಾವಾಗಿ ತಂದುಕೊಳ್ಳಬಾರದು.

ಕಾರ್ಡು ಲಾಭದಾಯಕವೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ. ವರ್ಷಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಒಂದು ದಿನವೂ ಗಡುವು ತಪ್ಪದವನಿಗೆ ಅದರಿಂದ ಕೆಲವು ನೂರು ರೂಪಾಯಿ ಉಳಿದೀತು. ಅಂಥವನಿಗೆ ಆ ಉಳಿತಾಯದ ಅಗತ್ಯವಿಲ್ಲ. ಅಗತ್ಯವಿರುವವನಿಗೆ ಅದು ಉಳಿಯುವುದಿಲ್ಲ. ಮುಂದಿನ ಬಾರಿ ಮೈಸೂರಿನ ಬಸ್ಸು ಹತ್ತುವ ಮೊದಲು ನಮ್ಮ ಪೇಟೆಯ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಎಷ್ಟು ಬಾಕಿಯಿದೆ ಎಂದು ಕೇಳಿ, ಅದನ್ನು ತೀರಿಸಿ ಹೊರಡೋಣ. ಉಳಿದ ಹಣದಲ್ಲಿ ಎಷ್ಟು ಬಟ್ಟೆ ಬರುತ್ತದೆಯೋ ಅಷ್ಟೇ ನಮ್ಮ ಮದುವೆಗೆ ಸಾಕು.