ಆಕಾಶದ ನೀಲಿ ಮತ್ತು ಮಗುವಿನ ಪ್ರಶ್ನೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಯಲುಸೀಮೆಯಲ್ಲಿ ಆಕಾಶಕ್ಕೆ ಮರೆ ಕಡಿಮೆ. ತೊಗರಿ ಹೊಲದ ಬದುವಿನ ಮೇಲೆ ನಿಂತರೆ ದಿಗಂತದವರೆಗೂ ಅದೇ ಕಾಣುತ್ತದೆ. ಇಂತಹ ನೆಲದಲ್ಲಿ ಬೆಳೆಯುವ ಮಗುವೊಂದು "ಹಜರತ್, ಆಕಾಶ ಯಾಕೆ ನೀಲಿ?" ಎಂದು ಕೇಳುವುದು ಸಹಜ. "ಅಲ್ಲಾಹನು ಹಾಗೆ ಸೃಷ್ಟಿಸಿದ್ದಾನೆ, ಸುಮ್ಮನೆ ಪಾಠ ಓದು" ಎಂಬುದು ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ. ಈ ಮಾತಿನ ಮೊದಲರ್ಧ ಸತ್ಯ. ಆದರೆ ಆ ಸತ್ಯವನ್ನು ಮಗುವಿನ ಬಾಯಿ ಮುಚ್ಚಿಸಲು ಬಳಸುವುದು ಸರಿಯಲ್ಲ.

ಪವಿತ್ರ ಕುರ್‌ಆನ್ ಪ್ರಶ್ನೆಗೆ ತಡೆ ಒಡ್ಡುವುದಿಲ್ಲ. ಆಕಾಶ ಭೂಮಿಗಳ ಸೃಷ್ಟಿಯಲ್ಲಿ ವಿವೇಕಿಗಳಿಗೆ ದೃಷ್ಟಾಂತಗಳಿವೆಯೆಂದು ಆಲಿ ಇಮ್ರಾನ್ ಅಧ್ಯಾಯ (3:190) ತಿಳಿಸುತ್ತದೆ. ಆಕಾಶದತ್ತ ಒಮ್ಮೆ ನೋಡಿ ಸಾಕೆನ್ನದೆ ಮತ್ತೆ ಮತ್ತೆ ದೃಷ್ಟಿ ಹಾಯಿಸಲು ಅಲ್ ಮುಲ್ಕ್ ಅಧ್ಯಾಯ (67:3-4) ಆದೇಶಿಸುತ್ತದೆ.

ಪ್ರಶ್ನೆಗೆ ಬಾಗಿಲು ಮುಚ್ಚಿದಲ್ಲಿ ಕಟ್ಟುಕತೆಗಳು ಒಳಗೆ ಬರುತ್ತವೆ. ಭೂಮಿಯನ್ನು ಸುತ್ತುವರಿದಿರುವ ಪಚ್ಚೆಯ 'ಕಾಫ್' ಪರ್ವತದ ಛಾಯೆಯೇ ಆಕಾಶದ ಬಣ್ಣವೆಂಬ ಕಥೆ ಹಳೆಯ ಗ್ರಂಥಗಳಲ್ಲಿದೆ. ಸುಮಾರು 650 ವರ್ಷಗಳ ಹಿಂದೆಯೇ ಇಮಾಮ್ ಇಬ್ನ್ ಕಸೀರ್(ರ) ತಮ್ಮ ತಫ್ಸೀರ್‌ನಲ್ಲಿ ಆ ಪರ್ವತದ ಕಥೆಯನ್ನು ಬನೀ ಇಸ್ರಾಈಲರ ಕಟ್ಟುಕತೆಗಳ ಸಾಲಿಗೆ ಸೇರಿಸಿದರು. ಇಂದಿನ ಕಲಿತವರಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ: ಸಮುದ್ರದ ನೀಲಿಯೇ ಆಕಾಶದಲ್ಲಿ ಪ್ರತಿಫಲಿಸುತ್ತದೆ ಎಂಬುದು. ಹಾಗಿದ್ದರೆ ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಆಳಂದದ ಆಕಾಶಕ್ಕೆ ನೀಲಿ ಎಲ್ಲಿಂದ ಬಂತು?

ನಿಜವಾದ ಕಾರಣ ಬೆಳಕು ಮತ್ತು ಗಾಳಿಯಲ್ಲಿದೆ. ಸೂರ್ಯನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆ. ಅದು ವಾತಾವರಣವನ್ನು ಹಾಯುವಾಗ ಗಾಳಿಯ ಅಣುಗಳು ಅದನ್ನು ಚದುರಿಸುತ್ತವೆ. ಚಿಕ್ಕ ತರಂಗಾಂತರದ ನೀಲಿ ಬೆಳಕು ಕೆಂಪಿಗಿಂತ ನಾಲ್ಕೈದು ಪಟ್ಟು ಹೆಚ್ಚು ಚದುರಿ ಎಲ್ಲ ದಿಕ್ಕುಗಳಿಂದಲೂ ನಮ್ಮ ಕಣ್ಣು ಸೇರುತ್ತದೆ. ನೇರಳೆ ಇನ್ನೂ ಹೆಚ್ಚು ಚದುರುತ್ತದೆ. ಆದರೆ ಬಿಸಿಲಿನಲ್ಲಿ ಅದರ ಪಾಲು ಕಡಿಮೆ, ನಮ್ಮ ಕಣ್ಣಿಗೆ ಅದರ ಗ್ರಹಿಕೆಯೂ ಕಡಿಮೆ. 1871ರಲ್ಲಿ ರ್‍ಯಾಲಿ ಈ ನಿಯಮವನ್ನು ಗಣಿತದಿಂದ ವಿವರಿಸಿದರು. ಕಡು ಬೇಸಿಗೆಯಲ್ಲಿ ಭೀಮಾ ತೀರದ ಆಕಾಶ ಬಿಳಿಚಿಕೊಳ್ಳುವುದೂ ಇದರಿಂದಲೇ ಅರ್ಥವಾಗುತ್ತದೆ. ಧೂಳಿನ ದೊಡ್ಡ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಮಳೆ ಬಿದ್ದು ಧೂಳು ತೊಳೆದುಹೋದರೆ ನೀಲಿ ಮರಳುತ್ತದೆ.

ಈ ಜ್ಞಾನ ನಮಗೆ ಪರಕೀಯವಲ್ಲ. ಒಂಬತ್ತನೇ ಶತಮಾನದಲ್ಲಿ ಅಲ್ ಕಿಂದಿಯು ಆಕಾಶದ ನೀಲಿಯ ಕಾರಣದ ಬಗ್ಗೆಯೇ ಒಂದು ಪ್ರಬಂಧ ರಚಿಸಿದ್ದನು. ಅವನ ಉತ್ತರ ಪೂರ್ಣವಾಗಿರಲಿಲ್ಲ. ಆದರೆ ನೀಲಿಯು ಆಕಾಶದ ಸ್ವಂತ ಬಣ್ಣವಲ್ಲವೆಂಬುದನ್ನು ಅವನು ಕಂಡುಕೊಂಡಿದ್ದನು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ 1921ರ ಹಡಗು ಪ್ರಯಾಣದಲ್ಲಿ ಕಡಲಿನ ನೀಲಿಯನ್ನು ಕಂಡು ಇಂತಹುದೇ ಪ್ರಶ್ನೆ ಕೇಳಿದರು. ಆ ದಾರಿ 1930ರ ನೊಬೆಲ್ ಪುರಸ್ಕಾರದವರೆಗೆ ಸಾಗಿತು.

ನಮ್ಮ ನಮಾಝಿನ ವೇಳೆಯೂ ಇದೇ ಬೆಳಕಿನೊಂದಿಗೆ ಬೆಸೆದಿದೆ. ಸಂಜೆ ಬೆಳಕು ಗಾಳಿಯಲ್ಲಿ ಬಹುದೂರ ಹಾಯುವಾಗ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಆ 'ಶಫಕ್' ಮರೆಯಾದಾಗ ಇಶಾ ಆರಂಭ. ಶಫಕ್ ಎಂದರೆ ಕೆಂಪೆಂದು ಬಹುಪಾಲು ಇಮಾಮರು ಹೇಳಿದರೆ, ಕೆಂಪಿನ ನಂತರದ ಬಿಳುಪೆಂದು ಇಮಾಮ್ ಅಬೂ ಹನೀಫಾ(ರ) ಹೇಳಿದರು. ಸಂಜೆಯ ಬಣ್ಣಗಳನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವರ ವಾರಸುದಾರರು ಮಗುವಿನ ಪ್ರಶ್ನೆಗೆ ಸಿಡುಕುವುದು ತರವೇ?

ಇಲ್ಲಿ ಒಂದು ಎಚ್ಚರವೂ ಬೇಕು. ಪ್ರತಿಯೊಂದು ಸಂಶೋಧನೆಯನ್ನೂ ಆಯತ್ತುಗಳಿಗೆ ಬಲವಂತವಾಗಿ ಜೋಡಿಸುವ ಚಟ ನಮಗೆ ಬೇಡ. ಕುರ್‌ಆನ್ ಮಾರ್ಗದರ್ಶನದ ಗ್ರಂಥ, ಭೌತಶಾಸ್ತ್ರದ ಪಠ್ಯವಲ್ಲ. ಪ್ರವಾದಿವರ್ಯರ(ಸ) ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನ ಎರಡನ್ನೂ ಜೋಡಿಸಿದಾಗ, ಯಾರ ಹುಟ್ಟು ಸಾವಿಗೂ ಗ್ರಹಣವಾಗುವುದಿಲ್ಲವೆಂದು ಪ್ರವಾದಿವರ್ಯರು(ಸ) ಸ್ಪಷ್ಟಪಡಿಸಿದರು. ಪುತ್ರಶೋಕದ ಗಳಿಗೆಯಲ್ಲೂ ತಮ್ಮ ಗೌರವವನ್ನು ಹೆಚ್ಚಿಸುವ ಸುಳ್ಳನ್ನು ಅವರು ನಿಲ್ಲಗೊಡಲಿಲ್ಲ.

ಮದ್ರಸದಲ್ಲಿ ಅದುಮಿಟ್ಟ ಪ್ರಶ್ನೆಯನ್ನು ಮಗು ಶಾಲೆಗೂ ಒಯ್ಯುವುದಿಲ್ಲ. ಕೇಳುವ ಅಭ್ಯಾಸವನ್ನೇ ಬಿಟ್ಟುಬಿಡುತ್ತದೆ. ಶಿಕ್ಷಣದಲ್ಲಿ ಹಿಂದುಳಿದ ನಮ್ಮ ಭಾಗಕ್ಕೆ ಈ ನಷ್ಟವನ್ನು ಭರಿಸುವ ಶಕ್ತಿಯಿಲ್ಲ. ಆದ್ದರಿಂದ ಕಾರಣ ಗೊತ್ತಿದ್ದರೆ ತಿಳಿಸೋಣ. ಗೊತ್ತಿಲ್ಲದಿದ್ದರೆ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿ ಬಾ ಎಂದು ಕಳುಹಿಸೋಣ. ಕಾರಣ ತಿಳಿದ ಮಗು "ಸುಬ್‌ಹಾನಲ್ಲಾಹ್" ಎಂದಾಗ ಆ ಮಾತಿಗೆ ಇನ್ನಷ್ಟು ಅರ್ಥ ಬಂದಿರುತ್ತದೆ. ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಅಲ್ಲಾಹನು ಕರುಣಿಸಲಿ, ಆಮೀನ್.