ಕೈ ಕುಲುಕಲು ಕಲಿತರೆ ಸಾಕೇ?

ಪದವಿಯ ಕೊನೆಯ ವರ್ಷದಲ್ಲಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ‘ವ್ಯಕ್ತಿತ್ವ ವಿಕಸನ ಶಿಬಿರ’ದ ಹೆಸರನ್ನು ಕೇಳಿಯೇ ಇರುತ್ತೀರಿ. ಸಂದರ್ಶನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ವಿದೇಶೀಯರ ಕೈಯನ್ನು ಎಷ್ಟು ಬಿಗಿಯಾಗಿ ಕುಲುಕಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿಕೊಡುತ್ತಾರೆ. ಬೇರೆ ಸಂಸ್ಕೃತಿಯವರೊಡನೆ ದುಡಿಯಲು ಇಷ್ಟು ಸಿದ್ಧತೆ ಸಾಕೆಂದು ನಂಬಿ ನಾವು ಶುಲ್ಕ ಕಟ್ಟುತ್ತೇವೆ. ಆ ನಂಬಿಕೆಯ ಮೇಲೆಯೇ ನನ್ನ ತಕರಾರು.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಬೆಳೆದವರಿಗೆ ಬೇರೆ ಸಂಸ್ಕೃತಿ ಎಂಬುದು ದೂರದ ವಸ್ತುವೇ? ದೀವರು, ಹವ್ಯಕರು, ಒಕ್ಕಲಿಗರು, ಹಸಲರು, ಬ್ಯಾರಿಗಳು ಇಲ್ಲಿಯೇ ಇದ್ದಾರೆ. ನಮ್ಮ ಧರ್ಮಕೇಂದ್ರಗಳಲ್ಲಿಯೇ ಕೊಂಕಣಿ, ಮಲಯಾಳಂ, ತಮಿಳು ಮನೆಮಾತಿನ ಕುಟುಂಬಗಳಿವೆ. ಆದರೆ ದೀವರ ಮನೆಯ ಹಸೆ ಚಿತ್ತಾರವನ್ನು ಆ ಮನೆಯ ಜಗಲಿಯಲ್ಲಿ ಕುಳಿತು ನೋಡಿದ ನಮ್ಮ ಮಕ್ಕಳೆಷ್ಟು ಮಂದಿ?

ಈ ಕೊರತೆಗೆ ಬೆಲೆಯಿದೆ. 2018ರ ಡಿಸೆಂಬರಿನಿಂದ ಮುಂದಿನ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಪುಸ್ತಕದ ಸಲಹೆ ಸರಳ: ಕಾಡಿಗೆ ಹೋಗಬೇಡಿ, ಹೋದರೆ ಎಣ್ಣೆ ಸವರಿಕೊಳ್ಳಿ, ಲಸಿಕೆ ಹಾಕಿಸಿಕೊಳ್ಳಿ. ಕೊಟ್ಟಿಗೆಗೆ ಹಾಸುವ ತರಗೆಲೆಯೂ ಒಲೆಯ ಕಟ್ಟಿಗೆಯೂ ಕಾಡಿನಿಂದಲೇ ಬರಬೇಕಾದ ಮನೆಗೆ ‘ಹೋಗಬೇಡಿ’ ಎಂದರೆ ಅದು ಸಲಹೆಯೇ? ಲಸಿಕೆಯೋ ಬಹಳ ನೋವಿನದು. ತಿಂಗಳ ಅಂತರದಲ್ಲಿ ಎರಡು ಬಾರಿ, ಆರರಿಂದ ಒಂಬತ್ತು ತಿಂಗಳೊಳಗೆ ಇನ್ನೊಮ್ಮೆ, ಅನಂತರ ವರ್ಷಕ್ಕೊಮ್ಮೆ. ತೋಳು ಎತ್ತಲಾಗದ ದಿನ ಕೂಲಿಯೂ ಇಲ್ಲ. ಎರಡನೆಯ ಬಾರಿಗೆ ಬಾರದವರನ್ನು ‘ತಿಳಿವಳಿಕೆ ಇಲ್ಲದವರು’ ಎಂದುಬಿಡುವುದು ಸುಲಭ. ಲಸಿಕೆಯ ಶಕ್ತಿಯೇ ಸಾಲದೆಂದು 2022ರಲ್ಲಿ ಅದರ ಬಳಕೆ ನಿಂತಿತು. ಹಾಗಾದರೆ ತಿಳಿವಳಿಕೆ ಸಾಲದೆ ಹೋದದ್ದು ಯಾರಿಗೆ?

ವೈದ್ಯರನ್ನೂ ದಾದಿಯರನ್ನೂ ನಾನು ದೂರುತ್ತಿಲ್ಲ. ಅವರಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆ. ‘ನಿಮ್ಮ ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ ಬರುತ್ತದೆ?’ ಎಂದು ಮೊದಲು ಕೇಳಬೇಕೆಂಬುದನ್ನು ನಮ್ಮ ಉನ್ನತ ಶಿಕ್ಷಣ ಅವರಿಗೆ ಕಲಿಸಲಿಲ್ಲ ಎಂಬುದೇ ನನ್ನ ದೂರು. ‘ಬೆಂಗಳೂರಿಗೋ ದುಬಾಯಿಗೋ ಹೋಗುವವರಿಗೆ ಹಸಲರ ಕೇರಿಯಿಂದೇನು ಪ್ರಯೋಜನ?’ ಎನ್ನುವವರಿದ್ದಾರೆ. ನೆರೆಯವರನ್ನು ಹೀಗೆ ಕೇಳಲು ಬಾರದವನು ದುಬಾಯಿಯಲ್ಲಿ ಕೇಳಿಯಾನೇ?

ನಾವು ಹೆತ್ತವರೂ ಇದರಲ್ಲಿ ಪಾಲುದಾರರು. ಹೈಸ್ಕೂಲಿಗೇ ಮಕ್ಕಳನ್ನು ಘಟ್ಟದ ಕೆಳಗಿನ ಹಾಸ್ಟೆಲುಗಳಿಗೆ ಸೇರಿಸಿದೆವು. ರಜೆಗೆ ಬಂದಾಗ ಹಬ್ಬದ ಕುಸ್ವಾರ್ ಕೊಟ್ಟು ನೆರೆಮನೆಗೆ ಕಳುಹಿಸಿದೆವು, ನಿಜ. ಅದೂ ಹೊಸ್ತಿಲವರೆಗೆ ಮಾತ್ರ!

ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ನಮ್ಮ ಕಾಲೇಜುಗಳು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ತನ್ನದಲ್ಲದ ಕೇರಿಯ ಒಂದು ಮನೆಯಲ್ಲಿ ಒಂದು ತಿಂಗಳು ಇರಿಸಲಿ. ಅಂಕ ಕೊಡುವವರು ಆ ಮನೆಯವರೇ ಆಗಲಿ. ಅಲ್ಲಿಯವರೆಗೆ ಕಾಯಬೇಕಾದ್ದೂ ಇಲ್ಲ. ಬರುವ ಕ್ರಿಸ್ಮಸ್ಸಿಗೆ ಕುಸ್ವಾರ್ ತಟ್ಟೆ ಹಿಡಿದು ಹೋದ ಮಗ ಒಳಗೆ ಕುಳಿತು, ಒಂದು ಗಂಟೆ ತಡವಾಗಿ ಮನೆಗೆ ಬಂದರೆ ದಯವಿಟ್ಟು ಗದರಬೇಡಿ.